ಡಮಾಸ್ಕಸ್‌ನ ನೂರಿ ಆಸ್ಪತ್ರೆ: ಪಡೆದವರೇ ಕೊಟ್ಟವರಾದರು

ವಕ್ಫ್ ಎಂದೊಡನೆ ನಮಗೆ ಮಸೀದಿ, ಮದ್ರಸ, ಖಬರಸ್ಥಾನಗಳು ನೆನಪಾಗುತ್ತವೆ. ಆದರೆ ನಮ್ಮ ಪೂರ್ವಿಕರು ಆಸ್ಪತ್ರೆಗಳನ್ನೂ ವಕ್ಫ್ ಆದಾಯದಿಂದ ನಡೆಸಿದ್ದರು.

ಸುಲ್ತಾನ್ ನೂರುದ್ದೀನ್ ಝಂಗಿ 1154ರಲ್ಲಿ ಡಮಾಸ್ಕಸ್ ನಗರವನ್ನು ತಮ್ಮ ಆಳ್ವಿಕೆಗೆ ತಂದುಕೊಂಡರು. ಅಲ್ಲಿ ಅವರು ಕಟ್ಟಿಸಿದ ಆಸ್ಪತ್ರೆಯೇ ನೂರಿ ಬೀಮಾರಿಸ್ತಾನ್. ಸೆರೆಸಿಕ್ಕ ಫ್ರಾಂಕ್ ದೊರೆಯೊಬ್ಬ ತನ್ನ ಬಿಡುಗಡೆಗಾಗಿ ತೆತ್ತ ಹಣವನ್ನು ಇದಕ್ಕೆ ಬಳಸಲಾಯಿತೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ.

1184ರಲ್ಲಿ ಸ್ಪೇನಿನ ಯಾತ್ರಿಕ ಇಬ್ನು ಜುಬೈರ್ ಡಮಾಸ್ಕಸ್‌ಗೆ ಬಂದರು. ಆಸ್ಪತ್ರೆಯ ದಿನದ ಖರ್ಚು ಸುಮಾರು 15 ದೀನಾರ್ ಎಂದು ಅವರು ದಾಖಲಿಸಿದ್ದಾರೆ. ರೋಗಿಗಳ ಹೆಸರು, ಅವರ ಔಷಧ ಮತ್ತು ಆಹಾರದ ವೆಚ್ಚವನ್ನು ಮೇಲ್ವಿಚಾರಕರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವೈದ್ಯರು ದಿನವೂ ಮುಂಜಾನೆಯೇ ಬಂದು ರೋಗಿಗಳನ್ನು ನೋಡಿ, ಯಾರಿಗೆ ಯಾವ ಮದ್ದು, ಯಾವ ಆಹಾರ ಎಂದು ಸೂಚಿಸುತ್ತಿದ್ದರು.

ಅದು ವೈದ್ಯಕೀಯ ವಿದ್ಯಾಲಯವೂ ಆಗಿತ್ತು. ನೂರುದ್ದೀನರು ಆಸ್ಪತ್ರೆಗೆ ವೈದ್ಯ ಗ್ರಂಥಗಳನ್ನು ವಕ್ಫ್ ಮಾಡಿದ್ದರು. ಅಲ್ಲಿನ ವೈದ್ಯ ಅಬುಲ್ ಮಜ್ದ್ ರೋಗಿಗಳನ್ನು ನೋಡಿ ಮುಗಿಸಿ, ದೊಡ್ಡ ಪಡಸಾಲೆಯಲ್ಲಿ ಗ್ರಂಥಗಳನ್ನು ತೆರೆದು ಕುಳಿತರೆ, ವೈದ್ಯರು ಮತ್ತು ವಿದ್ಯಾರ್ಥಿಗಳೊಂದಿಗೆ ಮೂರು ಗಂಟೆ ಚರ್ಚೆ ನಡೆಯುತ್ತಿತ್ತು.

ಈ ಸೇವೆ ಡಮಾಸ್ಕಸ್‌ಗಷ್ಟೇ ಸೀಮಿತವಾಗಲಿಲ್ಲ. ಆಗಿನ್ನೂ ಸುಲ್ತಾನನಾಗದ ಈಜಿಪ್ಟಿನ ಕಲಾವೂನ್ ಡಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದಾಗ ಈ ಆಸ್ಪತ್ರೆಯ ಮದ್ದಿನಿಂದ ಗುಣಮುಖನಾದ. ತಾನೂ ಇಂತಹದೊಂದನ್ನು ಕಟ್ಟಿಸುವೆನೆಂದು ಹರಕೆ ಹೊತ್ತ. 1284ರಲ್ಲಿ ಕೈರೋದ ಮನ್ಸೂರಿ ಆಸ್ಪತ್ರೆ ಎದ್ದು ನಿಂತಿತು. ನೂರಿಯಲ್ಲಿ ಕಲಿತ ಇಬ್ನು ನಫೀಸ್, ಹೃದಯದಿಂದ ರಕ್ತ ಶ್ವಾಸಕೋಶಕ್ಕೆ ಹೋಗಿ ಮರಳುವ ಬಗೆಯನ್ನು ವಿವರಿಸಿದರು. 1288ರಲ್ಲಿ ನಿಧನರಾದಾಗ ತಮ್ಮ ಮನೆಯನ್ನೂ ಗ್ರಂಥಗಳನ್ನೂ ಮನ್ಸೂರಿ ಆಸ್ಪತ್ರೆಗೆ ಬಿಟ್ಟು ಹೋದರು.

ಮರಣದ ನಂತರವೂ ಮನುಷ್ಯನಿಗೆ ಪ್ರತಿಫಲ ತರುವ ಕರ್ಮಗಳಲ್ಲಿ ನಿರಂತರ ದಾನವೂ ಉಪಯುಕ್ತ ಜ್ಞಾನವೂ ಇವೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ನೂರಿಯಲ್ಲಿ ಇವೆರಡೂ ಒಂದೇ ಸೂರಿನಡಿ ಇದ್ದವು. ರೋಗಿ ದಾನಿಯಾದ, ವಿದ್ಯಾರ್ಥಿಯೂ ದಾನಿಯಾದ.

ಇಂದು ನಮ್ಮ ಜಮಾಅತ್‌ಗಳ ಕೈಯಲ್ಲೂ ವಕ್ಫ್ ಆಸ್ತಿಗಳಿವೆ. ಅವುಗಳ ಆದಾಯದಿಂದ ಒಬ್ಬ ಬಡ ರೋಗಿಗೆ ಮದ್ದು, ಒಬ್ಬ ವಿದ್ಯಾರ್ಥಿಗೆ ವೈದ್ಯಕೀಯ ಅಥವಾ ನರ್ಸಿಂಗ್ ಶಿಕ್ಷಣ ಸಿಕ್ಕಿದೆಯೇ? ಆ ಖರ್ಚು ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆಯೇ? ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ನಾವೇ ಕೇಳಿಕೊಳ್ಳೋಣ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.