ಬೆಳಕನ್ನು ಎಲ್ಲಿ ಹಿಡಿಯಬೇಕು?

ನಮ್ಮ ಮನೆಯ ಆಲ್ಬಮ್ಮಿನಲ್ಲಿ 1979ರ ಒಂದು ಭಾವಚಿತ್ರವಿದೆ. ಅಕ್ಕನ ಮದುವೆಯಂದು ತೆಗೆದದ್ದು. ಬಾಸಿಂಗ ಕಟ್ಟಿಕೊಂಡ ಅಕ್ಕ ಮುಂದೆ ನಿಂತಿದ್ದಾಳೆ. ಎರಡು ಅಡಿ ಹಿಂದೆ, ಅವಳ ಪಕ್ಕದಿಂದ ಅಮ್ಮನ ಮುಖ ಕಾಣುತ್ತದೆ. ಅಮ್ಮನದೆಂದು ನಮ್ಮಲ್ಲಿ ಉಳಿದಿರುವ ಚಿತ್ರ ಅದೊಂದೇ. ಆದರೆ ಅದರಲ್ಲಿ ಅಮ್ಮನ ಒಂದು ಕಣ್ಣೂ ಒಂದು ಕೆನ್ನೆಯೂ ಕಪ್ಪಾಗಿವೆ. ಬೆಳಕು ಸಾಲದೆ ಹೀಗಾಯಿತೆಂದು ನಾವು ಬಹುಕಾಲ ನಂಬಿದ್ದೆವು. ಬೆಳಕು ಬೇಕಾದಷ್ಟಿತ್ತು, ಅದನ್ನು ಇರಿಸಿದ ಸ್ಥಳ ಸರಿಯಿರಲಿಲ್ಲ ಎಂಬುದು ನನಗೆ ಹೊಳೆದದ್ದು ಫ್ಲ್ಯಾಷಿನ ಚರಿತ್ರೆಯನ್ನು ಓದತೊಡಗಿದ ಮೇಲೆ.

ಆ ಚರಿತ್ರೆಯ ಮೊದಲ ಅಧ್ಯಾಯವೆಲ್ಲ ಬೆಳಕನ್ನು ಪಡೆಯುವ ಹೋರಾಟವೇ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮೊದಲಾದವನ್ನು ಬೆರೆಸಿ, ಕಿಡಿ ತಾಗಿದೊಡನೆ ಭಗ್ಗೆಂದು ಉರಿಯುವ ಮಿಶ್ರಣವನ್ನು ಸಿದ್ಧಪಡಿಸಿದರು. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಇಂಥ ಪುಡಿಯನ್ನು ಬಾಣಲೆಯಲ್ಲಿ ಉರಿಸಿ, ಬಡವರ ಕತ್ತಲೆ ಕೋಣೆಗಳ ಚಿತ್ರಗಳನ್ನು ತೆಗೆದು 1890ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಒಮ್ಮೆ ಕುರುಡರು ವಾಸವಾಗಿದ್ದ ಕೋಣೆಗೇ ಬೆಂಕಿ ಹತ್ತಿತು. ಅದನ್ನು ಅವನೇ ಆರಿಸಬೇಕಾಯಿತು. ಬೆಳಕು ಅಷ್ಟು ಅಪಾಯಕಾರಿಯಾಗಿದ್ದಾಗ ಅದನ್ನು ಎಲ್ಲಿ ಹಿಡಿಯಬೇಕೆಂದು ಯೋಚಿಸುವ ವ್ಯವಧಾನ ಯಾರಿಗಿದ್ದೀತು?

1929ರಲ್ಲಿ ಜರ್ಮನಿಯಲ್ಲಿ ಫ್ಲ್ಯಾಷ್ ಬಲ್ಬು ಬಂದಿತು. ಗಾಜಿನ ಬುರುಡೆಯೊಳಗೆ ಆಮ್ಲಜನಕವನ್ನೂ ಅಲ್ಯುಮಿನಿಯಂ ಹಾಳೆಯನ್ನೂ ತುಂಬಿ, ವಿದ್ಯುತ್ತಿನಿಂದ ಹೊತ್ತಿಸುವ ಉಪಾಯ ಅದು. ಹೊಗೆಯಿಲ್ಲ, ಬೂದಿಯಿಲ್ಲ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರು ತಮ್ಮ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಪಕ್ಕಕ್ಕೆ ಬ್ಯಾಟರಿ ತುಂಬಿದ ಕೊಳವೆಯೊಂದನ್ನು ಸಿಕ್ಕಿಸಿ, ಅದರ ತುದಿಯಲ್ಲಿ ಬಲ್ಬನ್ನೂ ತಟ್ಟೆಯಂಥ ಪ್ರತಿಫಲಕವನ್ನೂ ಇಟ್ಟರು. ಬ್ಯಾಟರಿಯ ಮನೆಯೂ ಅದೇ, ಕೈಹಿಡಿಯೂ ಅದೇ. ಬೆಳಕು ಪಕ್ಕಕ್ಕೆ ಹೋದದ್ದು ಮುಖ್ಯವಾಗಿ ಕೈಯ ಅನುಕೂಲಕ್ಕಾಗಿ, ಮುಖದ ಅನುಕೂಲಕ್ಕಾಗಿ ಅಲ್ಲ. ಆ ಪದ್ಧತಿಯೇ ರೂಢಿಯಾಯಿತು; ನಮ್ಮ ಊರುಗಳ ಮದುವೆಮನೆಗೂ ಅದು ಬಂದಿತು. ಅಕ್ಕನ ಮದುವೆಯಲ್ಲಿ ಛಾಯಾಗ್ರಾಹಕರು ಹಿಡಿದಿದ್ದ ಕ್ಯಾಮೆರಾದ ಪಕ್ಕದಲ್ಲಿಯೂ ಕಬ್ಬಿಣದ ಬ್ರ್ಯಾಕೆಟ್ಟಿನ ಮೇಲೆ ಫ್ಲ್ಯಾಷು ನಿಂತಿತ್ತು.

ಈಗ ಒಂದು ಸರಳ ಲೆಕ್ಕ ಮಾಡೋಣ. ಫ್ಲ್ಯಾಷು ಮಸೂರದಿಂದ ಎಂಟು ಅಂಗುಲ ಪಕ್ಕಕ್ಕಿದೆ. ಅಕ್ಕ ಎಂಟು ಅಡಿ ದೂರದಲ್ಲಿ. ಅಮ್ಮ ಅವಳಿಂದ ಎರಡು ಅಡಿ ಹಿಂದೆ. ಆಗ ಅಕ್ಕನ ತಲೆಯ ನೆರಳು ಮಸೂರದ ದೃಷ್ಟಿಗೆ ಎರಡು ಅಂಗುಲ ಪಕ್ಕಕ್ಕೆ ಸರಿದು ಕಾಣುತ್ತದೆ. ಒಂದು ಕಣ್ಣನ್ನೂ ಒಂದು ಕೆನ್ನೆಯನ್ನೂ ನುಂಗಲು ಎರಡು ಅಂಗುಲ ಸಾಕು! ಅದೇ ಫ್ಲ್ಯಾಷು ಮಸೂರದ ನೇರ ಮೇಲೆ ಎಂಟು ಅಂಗುಲ ಎತ್ತರದಲ್ಲಿದ್ದಿದ್ದರೆ, ನೆರಳು ಅಷ್ಟೇ ದೂರ ಕೆಳಕ್ಕಿಳಿದು ಅಕ್ಕನ ಬೆನ್ನ ಹಿಂದೆಯೇ ಅಡಗುತ್ತಿತ್ತು.

1931ರಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ವಿದ್ಯುನ್ಮಾನ ಫ್ಲ್ಯಾಷಿಗೆ ದಾರಿ ತೆರೆದರು. ಮುಂದೆ ಅದು ಅಂಗೈಯಷ್ಟಾಗಿ ಕ್ಯಾಮೆರಾದ ನೆತ್ತಿಯನ್ನೇರಿತು. ಇದರಿಂದ ಎರಡು ತೊಡಕುಗಳು ಹುಟ್ಟಿದವು. ಬೆಳಕು ಮಸೂರಕ್ಕೆ ತೀರ ಹತ್ತಿರವಿದ್ದರೆ, ಕಣ್ಣಿನ ಒಳಗೋಡೆಯ ರಕ್ತದ ಕೆಂಪು ನೇರವಾಗಿ ಮರಳಿಬಂದು ಕಣ್ಣು ಕೆಂಡದಂತೆ ಕಾಣುತ್ತದೆ. ಇನ್ನೊಂದು, ವ್ಯಕ್ತಿಚಿತ್ರಕ್ಕಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದೊಡನೆ ನೆತ್ತಿಯ ಫ್ಲ್ಯಾಷು ಮತ್ತೆ ಪಕ್ಕಕ್ಕೆ ಬೀಳುತ್ತದೆ. ಇವೆರಡಕ್ಕೂ ಪರಿಹಾರವಾಗಿ ಬಂದದ್ದು ತಿರುಗುವ ಬ್ರ್ಯಾಕೆಟ್ಟು. ಒಂದು ಬಗೆಯಲ್ಲಿ ಫ್ಲ್ಯಾಷಿನ ತೋಳು ಹೊರಳುತ್ತದೆ. ಇನ್ನೊಂದರಲ್ಲಿ ಫ್ಲ್ಯಾಷು ನಿಂತಲ್ಲೇ ನಿಂತು ಕ್ಯಾಮೆರಾ ಹೊರಳುತ್ತದೆ.

ಆದ್ದರಿಂದ ಬ್ರ್ಯಾಕೆಟ್ಟನ್ನು ಕೊಳ್ಳಹೋಗುವ ಕಿರಿಯರಿಗೆ ನನ್ನ ಮಾತು ಇಷ್ಟೆ: ಅದರ ಹೊಳಪನ್ನು ನೋಡಬೇಡಿ. ಕ್ಯಾಮೆರಾವನ್ನು ಅಡ್ಡಕ್ಕೂ ಉದ್ದಕ್ಕೂ ಹಿಡಿದು, ಎರಡೂ ಸಲ ಫ್ಲ್ಯಾಷು ಮಸೂರದ ನೇರ ಮೇಲೆಯೇ ಇದೆಯೇ ಎಂದು ನೋಡಿ. ತೋಳು ಅಲುಗಬಾರದು. ಧಾರೆಯಿಂದ ಆರತಕ್ಷತೆಯವರೆಗೆ ಹೊತ್ತು ನಿಲ್ಲಬೇಕಾದ್ದರಿಂದ ಭಾರವೂ ಹಿತವಾಗಿರಬೇಕು. ವ್ಯಕ್ತಿಯ ಹಿಂದೆ ಗೋಡೆಯಿದ್ದರೆ ಅವರನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಕರೆಯಿರಿ. ನೆರಳು ಇನ್ನಷ್ಟು ಕೆಳಗಿಳಿಯುತ್ತದೆ.

ಇಂದು ಎಲ್ಲರ ಕೈಯಲ್ಲೂ ದೂರವಾಣಿಯ ಕ್ಯಾಮೆರಾ ಇದೆ. ಅದರ ದೀಪ ಮಸೂರಕ್ಕೆ ಅಂಟಿಕೊಂಡೇ ಇರುತ್ತದೆ. ಸಾಧನ ಹೊಸದಾದರೂ ಪ್ರಶ್ನೆ ಹಳೆಯದೇ. ಮುಂದೆ ನಿಂತವರಿಗೆ ಬೆಳಕು ಹೇಗೂ ಸಿಗುತ್ತದೆ. ಹಿಂದೆ ನಿಂತವರ ಮುಖದ ಮೇಲೆ ನೆರಳು ಬೀಳದಂತೆ ನೋಡಿಕೊಳ್ಳುವುದೇ ಛಾಯಾಗ್ರಾಹಕನ ಧರ್ಮ. ಅಮ್ಮ 1981ರಲ್ಲಿ ತೀರಿಕೊಂಡರು. ಆ ಚಿತ್ರವನ್ನು ನೋಡುವ ನನ್ನ ಮೊಮ್ಮಗಳು, ಮುತ್ತಜ್ಜಿಯ ಇನ್ನೊಂದು ಕಣ್ಣು ಹೇಗಿತ್ತೆಂದು ಕೇಳುತ್ತಾಳೆ. ಈ ಕಣ್ಣಿನ ಹಾಗೆಯೇ ಇತ್ತಮ್ಮ ಎಂದು ನಾನು ಹೇಳುತ್ತೇನೆ.