ಬ್ಯಾಲೆ, ಕಂಟೆಂಪರರಿ ಡ್ಯಾನ್ಸ್ ಸ್ಪರ್ಧೆ: ಮಕ್ಕಳ ಹೆಸರು ಕೊಡುವ ಮುನ್ನ ಸುರತ್ಕಲ್‌ನವರು ತಿಳಿದಿರಬೇಕಾದ್ದು

ಸುರತ್ಕಲ್: ಡ್ಯಾನ್ಸ್ ಕ್ಲಾಸ್‌ನ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬರ್ತದೆ. ಶನಿವಾರ, ಆದಿತ್ಯವಾರ ಎರಡು ದಿನ ಮಕ್ಕಳ ಸ್ಪರ್ಧೆ. ಬ್ಯಾಲೆ, ಕಂಟೆಂಪರರಿ, ಸೋಲೋ, ಗ್ರೂಪ್ ಎಲ್ಲ ಉಂಟು. ಊರು ಬೆಂಗಳೂರೋ ಮುಂಬೈಯೋ. ಹೆಸರು ಕೊಡಲಿಕ್ಕೆ ಮೂರೇ ದಿನ ಬಾಕಿ. ಮಗಳು ಹೋಗ್ಲೇಬೇಕು ಅಂತ ಹಠ ಹಿಡಿದಿದ್ದಾಳೆ. ಅಪ್ಪ ಎರಡು ದಿನ ಅಂಗಡಿ ಬಾಗಿಲು ಹಾಕಿದ್ರೆ ಎಷ್ಟು ನಷ್ಟ ಅಂತ ಲೆಕ್ಕ ಹಾಕ್ತಿದ್ದಾರೆ.

ಇಂಥ ಸ್ಪರ್ಧೆಯಲ್ಲಿ ಏನೇನು ನಡೀತದೆ, ಮಗುವಿನ ಕಾಲಿಗೆ ಎಲ್ಲಿ ಪೆಟ್ಟು, ಮನೆಯವರ ಜೇಬಿಗೆ ಎಲ್ಲಿ ಪೆಟ್ಟು ಅನ್ನುವ ಮಾಹಿತಿ ಇಲ್ಲಿದೆ. ಮೊದಲೇ ಹೇಳಿಬಿಡುವ ಮಾತು ಒಂದೇ: ಟ್ರೋಫಿಯ ಎತ್ತರ ನೋಡಿ ಹೋಗಬೇಡಿ, ಆ ಎರಡು ದಿನದಲ್ಲಿ ಮಗುವಿಗೆ ಕಲಿಯಲಿಕ್ಕೆ ಏನುಂಟು ಅಂತ ನೋಡಿ ಹೋಗಿ.

ಬ್ಯಾಲೆ ಅಂದ್ರೆ ಯಾವ ಬ್ಯಾಲೆ?

ಬ್ಯಾಲೆ ಅನ್ನುವ ಶಬ್ದ ಕರಾವಳಿಗೆ ಹೊಸತಲ್ಲ. ಡಾ. ಕೆ. ಶಿವರಾಮ ಕಾರಂತರು (1902–1997) ಯಕ್ಷಗಾನದ ಮಾತುಗಾರಿಕೆಯನ್ನು ಬದಿಗಿಟ್ಟು, ಹಾಡು, ಕುಣಿತ, ಅಭಿನಯದಲ್ಲೇ ಕಥೆ ಹೇಳುವ ‘ಯಕ್ಷಗಾನ ಬ್ಯಾಲೆ’ ಮಾಡಿದ್ರು. ಚೆಂಡೆ ಮದ್ದಳೆಯ ಜೊತೆ ಪಿಟೀಲು, ಸ್ಯಾಕ್ಸೋಫೋನ್ ಕೂಡ ತಂದ್ರು. ಗಡಿಯಾಚೆ ಕೇರಳದಲ್ಲಿ ದೇವಸ್ಥಾನದ ಉತ್ಸವಕ್ಕೆ ರಾತ್ರಿ ಆಡುವ ಪೌರಾಣಿಕ ನೃತ್ಯನಾಟಕಕ್ಕೂ ‘ಬಾಲೆ’ ಅಂತಲೇ ಹೆಸರು.

ಆದ್ರೆ ಸ್ಪರ್ಧೆಯ ಪೋಸ್ಟರ್‌ನಲ್ಲಿ ‘ಬ್ಯಾಲೆ’ ಅಂತ ಇದ್ರೆ ಅದು ಇವೆರಡೂ ಅಲ್ಲ. ಅದು ಯುರೋಪಿನ ಕ್ಲಾಸಿಕಲ್ ಬ್ಯಾಲೆ. ಇಟಲಿಯ ಅರಮನೆಗಳಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದ ಕಲೆ. ಅಲ್ಲಿನ ರಾಜ ಹದಿನಾಲ್ಕನೇ ಲೂಯಿ 1661ರಲ್ಲಿ ಇದಕ್ಕಾಗಿ ಅಕಾಡೆಮಿಯನ್ನೇ ಸ್ಥಾಪಿಸಿದ. ಹಾಗಾಗಿ ಹೆಜ್ಜೆಗಳ ಹೆಸರು ಇವತ್ತಿಗೂ ಫ್ರೆಂಚಲ್ಲೇ ಉಂಟು. ಮಂಡಿ ಬಗ್ಗಿಸೋದು ‘ಪ್ಲಿಯೆ’, ಹಿಮ್ಮಡಿ ಎತ್ತಿ ನಿಲ್ಲೋದು ‘ರೆಲೆವೆ’.

ಭರತನಾಟ್ಯ ಕಲಿತ ಮಕ್ಕಳಿಗೆ ಇದರ ಅರ್ಧ ದಾರಿ ಗೊತ್ತಿರ್ತದೆ. ಅರೆಮಂಡಿಯಲ್ಲಿ ಮಂಡಿ ಹೊರಕ್ಕೆ ತಿರುಗುವ ಹಾಗೆ ಬ್ಯಾಲೆಯಲ್ಲೂ ಕಾಲು ಸೊಂಟದಿಂದಲೇ ಹೊರಕ್ಕೆ ತಿರುಗಬೇಕು. ಆದ್ರೆ ಭರತನಾಟ್ಯ ನೆಲವನ್ನು ತಟ್ಟುತ್ತದೆ, ಬ್ಯಾಲೆ ನೆಲ ಬಿಟ್ಟು ಮೇಲಕ್ಕೆ ಹೋಗ್ತದೆ. ಒಂದು ಗೊತ್ತಿದ್ದ ಮಾತ್ರಕ್ಕೆ ಇನ್ನೊಂದು ಎರಡು ತಿಂಗಳಲ್ಲಿ ಬರುವುದಿಲ್ಲ.

ಕಂಟೆಂಪರರಿ ಅಂದ್ರೆ?

ಟಿವಿ ಡ್ಯಾನ್ಸ್ ಶೋ ನೋಡಿ ಈ ಶಬ್ದ ಎಲ್ಲರಿಗೂ ಗೊತ್ತಾಗಿದೆ. ದುಃಖದ ಹಾಡು, ಬರಿಗಾಲು, ನೆಲದಲ್ಲಿ ಉರುಳೋದು ಅಷ್ಟೇ ಕಂಟೆಂಪರರಿ ಅಂತ ತುಂಬ ಜನ ತಿಳಿದಿದ್ದಾರೆ. ಅಷ್ಟೇ ಅಲ್ಲ. ಇದು ಇಂಥದ್ದೇ ಮುದ್ರೆ, ಇಂಥದ್ದೇ ಹೆಜ್ಜೆ ಅಂತ ಕಟ್ಟು ಇಲ್ಲದ, ಆದ್ರೆ ದೇಹಕ್ಕೆ ಗಟ್ಟಿ ತರಬೇತಿ ಬೇಕಾದ ನೃತ್ಯ. ಬೀಳಲಿಕ್ಕೂ ಕಲಿಯಬೇಕು, ಏಳಲಿಕ್ಕೂ ಕಲಿಯಬೇಕು.

ಕರ್ನಾಟಕದಲ್ಲಿ ಇದಕ್ಕೆ ಗಟ್ಟಿ ಬುಡ ಇರುವುದು ಬೆಂಗಳೂರಿನಲ್ಲಿ. ಜಯಚಂದ್ರನ್ ಪಳಾಳಿ ಅವರು 1992ರಲ್ಲಿ ಶುರುಮಾಡಿದ ಅಟ್ಟಕ್ಕಲರಿ ಸಂಸ್ಥೆ ಕಳರಿಪಯಟ್ಟು, ಭರತನಾಟ್ಯ ಮತ್ತು ಹೊರದೇಶದ ತಂತ್ರಗಳನ್ನು ಸೇರಿಸಿ ಕಲಿಸಿದೆ. ಮಾಯಾ ರಾವ್ ಅವರ ಕಥಕ್ ಮತ್ತು ಕೊರಿಯೋಗ್ರಫಿ ಸಂಸ್ಥೆ, ಅವರ ಮಗಳು ಮಧು ನಟರಾಜ್ ಅವರ ತಂಡ, ಮಯೂರಿ ಉಪಾಧ್ಯ ಅವರ ನೃತರುತ್ಯ ಇದೇ ಸಾಲಿನವು. ಕ್ಲಾಸಿಕಲ್ ಬ್ಯಾಲೆಗೆ ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಅವರು ಕಟ್ಟಿದ ಲೂಯಿಸ್ ಫೌಂಡೇಶನ್ ಹೆಸರಾಗಿದೆ. ಸುರತ್ಕಲ್‌ನಿಂದ ಬೆಂಗಳೂರಿಗೆ ಸುಮಾರು 360 ಕಿ.ಮೀ. ವಾರಕ್ಕೊಮ್ಮೆ ಹೋಗಿ ಕಲಿಯುವ ದೂರ ಅಲ್ಲ. ಅದಕ್ಕೇ ಸ್ಪರ್ಧೆಯ ಎರಡು ದಿನದಲ್ಲಿ ಅಂಥ ಒಬ್ಬ ಗುರುವಿನ ಒಂದು ಕ್ಲಾಸ್ ಸಿಕ್ಕಿದ್ರೂ ಇಲ್ಲಿನ ಮಗುವಿಗೆ ಅದು ದೊಡ್ಡದು.

ಎರಡು ದಿನ ಹೇಗಿರ್ತದೆ?

ಸೋಲೋ ಅಂದ್ರೆ ಸಾಮಾನ್ಯವಾಗಿ ಎರಡು, ಎರಡೂವರೆ ನಿಮಿಷ. ಹತ್ತುವುದು ಇಳಿಯುವುದು ಸೇರಿ ಒಬ್ಬರಿಗೆ ಮೂರು ನಿಮಿಷ ಹಿಡಿಯಿರಿ. 100 ಮಕ್ಕಳಿದ್ರೆ 300 ನಿಮಿಷ, ಅಂದ್ರೆ ಐದು ಗಂಟೆ. ಮೇಲೆ ಗ್ರೂಪ್, ಡ್ಯುಯೆಟ್, ಅತಿಥಿಗಳ ಭಾಷಣ, ಬಹುಮಾನ. ಬೆಳಗ್ಗೆ ಎಂಟಕ್ಕೆ ಮೇಕಪ್ ಹಾಕಿದ ಮಗು ಸ್ಟೇಜ್ ಹತ್ತುವಾಗ ಸಂಜೆ ಐದಾದ್ರೆ ಆಶ್ಚರ್ಯ ಇಲ್ಲ.

ಒಳ್ಳೆ ಸ್ಪರ್ಧೆಯಲ್ಲಿ ವಯಸ್ಸಿಗೆ ತಕ್ಕ ವಿಭಾಗ, ಮೊದಲೇ ಕೊಟ್ಟ ಸಮಯಪಟ್ಟಿ, ಸ್ಟೇಜ್‌ನಲ್ಲಿ ಒಮ್ಮೆ ಅಭ್ಯಾಸ, ತೀರ್ಪುಗಾರರಿಂದ ಕ್ಲಾಸ್, ಕೊನೆಗೆ ಬರಹದಲ್ಲೋ ಆಡಿಯೋದಲ್ಲೋ ಅಭಿಪ್ರಾಯ ಇರ್ತದೆ. ಈ ಕೊನೆಯ ಎರಡು ಇಲ್ಲದಿದ್ರೆ ಮಗು ಹೋದ ಹಾಗೆಯೇ ವಾಪಸ್ ಬರ್ತದೆ.

ಹೊರದೇಶದ ದೊಡ್ಡ ಸ್ಪರ್ಧೆಗಳಲ್ಲಿ

ಸ್ವಿಟ್ಜರ್‌ಲ್ಯಾಂಡಿನ ‘ಪ್ರಿ ದ ಲೋಸಾನ್’ 1973ರಿಂದ ನಡೀತಿದೆ. 15ರಿಂದ 18 ವರ್ಷದವರಿಗೆ ಮಾತ್ರ. ವಿಡಿಯೋ ನೋಡಿ ಆಯ್ಕೆ ಮಾಡ್ತಾರೆ. ಪ್ರತಿಯೊಬ್ಬರೂ ಒಂದು ಕ್ಲಾಸಿಕಲ್, ಒಂದು ಕಂಟೆಂಪರರಿ ಮಾಡಬೇಕು. ಸ್ಟೇಜ್ ಒಂದನ್ನೇ ನೋಡಿ ಅಂಕ ಕೊಡೋದಿಲ್ಲ, ವಾರವಿಡೀ ಕ್ಲಾಸ್‌ನಲ್ಲಿ ಮಗು ಹೇಗೆ ಕಲೀತದೆ ಅನ್ನೋದಕ್ಕೂ ಅಂಕ ಉಂಟು. ಗೆದ್ದವರಿಗೆ ದೊಡ್ಡ ಶಾಲೆ ಅಥವಾ ತಂಡದಲ್ಲಿ ಸ್ಕಾಲರ್‌ಶಿಪ್. ಫೈನಲ್ ತಲುಪದವರಿಗೂ ಶಾಲೆಗಳ ಮುಖ್ಯಸ್ಥರನ್ನು ಕಾಣುವ ಅವಕಾಶ ಇಡ್ತಾರೆ.

ಅಮೆರಿಕದ ‘ಯೂತ್ ಅಮೆರಿಕಾ ಗ್ರ್ಯಾಂಡ್ ಪ್ರಿ’ 1999ರಲ್ಲಿ ಶುರುವಾದದ್ದು, 9ರಿಂದ 19 ವರ್ಷದ ಮಕ್ಕಳಿಗೆ. ಅಲ್ಲೂ ಸ್ಪರ್ಧೆಯ ಜೊತೆ ಕ್ಲಾಸ್, ಸ್ಕಾಲರ್‌ಶಿಪ್ ಇರ್ತದೆ. ಎರಡೂ ಕಡೆ ಬಹುಮಾನ ಅಂದ್ರೆ ಮುಂದೆ ಕಲಿಯುವ ದಾರಿ.

ನಮ್ಮಲ್ಲಿ ಇರುವ ವೇದಿಕೆಗಳು

*ಪ್ರತಿಭಾ ಕಾರಂಜಿ:* ಶಿಕ್ಷಣ ಇಲಾಖೆಯದ್ದು. ಶಾಲೆ, ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು. ಭರತನಾಟ್ಯ, ಜಾನಪದ ನೃತ್ಯಕ್ಕೆ ಜಾಗ ಉಂಟು, ಬ್ಯಾಲೆಗೆ ಇಲ್ಲ.

*ಎನ್‌ಐಟಿಕೆ ‘ಇನ್ಸಿಡೆಂಟ್’:* 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದ ಸುರತ್ಕಲ್‌ನ ಕಾಲೇಜಿನ ಸಾಂಸ್ಕೃತಿಕ ಹಬ್ಬ. ಡ್ಯಾನ್ಸ್ ಸ್ಪರ್ಧೆ ಇರ್ತದೆ, ಆದ್ರೆ ಕಾಲೇಜು ತಂಡಗಳಿಗೆ. ಸಣ್ಣ ಮಕ್ಕಳಿಗಲ್ಲ.

*ವಿಶ್ವವಿದ್ಯಾಲಯದ ಯುವಜನೋತ್ಸವ:* ರಾಷ್ಟ್ರ ಮಟ್ಟದವರೆಗೆ ಹೋಗುವ ಈ ಸಾಲಿನಲ್ಲಿ ನೃತ್ಯ ಅಂದ್ರೆ ಭಾರತೀಯ ಶಾಸ್ತ್ರೀಯ ಮತ್ತು ಜಾನಪದ.

ಇದನ್ನು ನೋಡಿದ್ರೆ ಒಂದು ವಿಷಯ ಸ್ಪಷ್ಟ. ಬ್ಯಾಲೆ, ಕಂಟೆಂಪರರಿಗೆ ಸರಕಾರದ ಮೆಟ್ಟಿಲು ಇಲ್ಲ. ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಇರುವ ಹಾಗೆ ಇದಕ್ಕೆ ರಾಜ್ಯದ ಪರೀಕ್ಷೆಯೂ ಇಲ್ಲ. ಲಂಡನ್‌ನಲ್ಲಿ 1920ರಲ್ಲಿ ಸ್ಥಾಪನೆಯಾದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನಂಥ ಹೊರಗಿನ ಸಂಸ್ಥೆಗಳ ಪರೀಕ್ಷೆಯೇ ಅಳತೆಗೋಲು. ಹಾಗಾಗಿ ಪೋಸ್ಟರ್‌ನಲ್ಲಿ ‘ನ್ಯಾಷನಲ್’, ‘ಇಂಟರ್‌ನ್ಯಾಷನಲ್’ ಅಂತ ಯಾರೂ ಬರೆದುಕೊಳ್ಳಬಹುದು. ಆ ಶಬ್ದಕ್ಕೆ ದುಡ್ಡು ಕೊಡಬೇಡಿ.

ಪಾಯಿಂಟ್ ಶೂಗೆ ಅವಸರ ಬೇಡ

ಕಾಲ್ಬೆರಳ ತುದಿಯಲ್ಲಿ ನಿಲ್ಲುವ ಸ್ಯಾಟಿನ್ ಶೂ ನೋಡಿ ಮಕ್ಕಳು ಮರುಳಾಗ್ತಾರೆ. ಅಪಾಯ ಇರೋದೂ ಅಲ್ಲೇ. ಬೆಳೆಯುವ ವಯಸ್ಸಿನಲ್ಲಿ ಪಾದದ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರೋದಿಲ್ಲ. ನೃತ್ಯ ವೈದ್ಯಕೀಯ ತಜ್ಞರ ಅಂತಾರಾಷ್ಟ್ರೀಯ ಸಂಘದ ಸಲಹೆ ಪ್ರಕಾರ 12 ವರ್ಷಕ್ಕೆ ಮೊದಲು ಬೇಡ. 12 ಆದ್ರೂ ವಯಸ್ಸೊಂದೇ ಸಾಲದು. ಹಲವು ವರ್ಷದ ಕ್ರಮವಾದ ತರಬೇತಿ, ಹೊಟ್ಟೆ ಸೊಂಟದ ಬಲ, ಹರಡಿನ ಬಲ ನೋಡಿ ಗುರು ಒಪ್ಪಬೇಕು.

‘ಸ್ಪರ್ಧೆ ಉಂಟು, ಎರಡು ತಿಂಗಳಲ್ಲಿ ಪಾಯಿಂಟ್ ಕಲಿಸ್ತೇವೆ’ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಆ ಶೂವನ್ನು ಆನ್‌ಲೈನಲ್ಲಿ ಅಳತೆ ಅಂದಾಜಿಗೆ ತರಿಸುವುದೂ ತಪ್ಪು. ಬೆರಳಿನ ಭಾಗ ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಗಟ್ಟಿ ಮಾಡಿದ್ದು, ಪಾದಕ್ಕೆ ಸರಿಯಾಗಿ ಕೂರಬೇಕು. ಬೆವರು, ತೇವಕ್ಕೆ ಅಂಟು ಮೆತ್ತಗಾಗ್ತದೆ. ನಮ್ಮ ಸಮುದ್ರದ ಬದಿಯ ಹವೆಯಲ್ಲಿ ಚೀಲದೊಳಗೆ ಕಟ್ಟಿಡದೆ ಗಾಳಿಗೆ ಒಣಗಿಸಬೇಕು.

ನೆಲ ನೋಡಿ

ಡ್ಯಾನ್ಸ್‌ಗೆ ಬೇಕಾದ್ದು ಸ್ವಲ್ಪ ಬಾಗುವ ಮರದ ನೆಲ, ಮೇಲೆ ವಿನೈಲ್ ಹಾಸು. ಕಾಂಕ್ರೀಟಿನ ಮೇಲೆ ನೇರ ಟೈಲ್ಸ್ ಹಾಕಿದ ಹಾಲ್‌ನಲ್ಲಿ ದಿನಾ ಹಾರಿದ್ರೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಶುರುವಾಗ್ತದೆ. ಸ್ಟೇಜ್‌ಗೆ ಶಾಮಿಯಾನದವರ ಮ್ಯಾಟ್ ಹಾಸಿದ್ರೆ ತಿರುಗುವಾಗ ಪಾದ ಸಿಕ್ಕಿಕೊಂಡು ಮಂಡಿ ತಿರುಚುವ ಭಯ. ಸಾಕ್ಸ್ ಹಾಕಿ ಟೈಲ್ಸ್ ಮೇಲೆ ಕುಣಿದ್ರೆ ಜಾರ್ತದೆ. ಕಂಟೆಂಪರರಿ ಬರಿಗಾಲಿನ ನೃತ್ಯ ಆದ್ದರಿಂದ ಮೊದಲಿನ ಗ್ರೂಪಿನವರ ಡ್ರೆಸ್‌ನಿಂದ ಬಿದ್ದ ಸೇಫ್ಟಿ ಪಿನ್ನೂ ಪೆಟ್ಟು ಮಾಡ್ತದೆ. ಪ್ರತಿ ಐಟಂ ಆದ ಮೇಲೆ ಸ್ಟೇಜ್ ಗುಡಿಸ್ತಾರಾ ಅಂತ ಕೇಳಿದ್ರೆ ನಾಚಿಕೆ ಇಲ್ಲ.

ಗಂಡುಮಕ್ಕಳಿಗೂ ಉಂಟು

ಮುಂಬೈಯ ಬಡ ಕುಟುಂಬದ ಮನೀಶ್ ಚೌಹಾಣ್, ಅಮೀರುದ್ದೀನ್ ಶಾ ಎಂಬ ಇಬ್ಬರು ಹುಡುಗರು ಯೆಹುದಾ ಮಾವೋರ್ ಎಂಬ ಗುರುವಿನ ಹತ್ತಿರ ಬ್ಯಾಲೆ ಕಲಿತ ಕಥೆ 2020ರಲ್ಲಿ ‘ಯೇ ಬ್ಯಾಲೆ’ ಹೆಸರಲ್ಲಿ ಸಿನಿಮಾ ಆಯ್ತು. ಅಮೀರುದ್ದೀನ್ ಲಂಡನ್‌ನ ರಾಯಲ್ ಬ್ಯಾಲೆ ಸ್ಕೂಲ್‌ವರೆಗೆ ಹೋದ. ಸುರತ್ಕಲ್ ಮೇಳದ ಹೆಸರು ಹೇಳಿಕೊಂಡು ಬೆಳೆದ ಊರು ನಮ್ಮದು. ಗಂಡಸರು ಗೆಜ್ಜೆ ಕಟ್ಟಿ ಬೆಳಗಿನವರೆಗೆ ಕುಣಿದದ್ದನ್ನು, ಸ್ತ್ರೀವೇಷ ಹಾಕಿದ್ದನ್ನು ಕೂತು ನೋಡಿದ ಊರು. ಇಲ್ಲಿ ಬ್ಯಾಲೆಗೆ ಹೋಗುವ ಹುಡುಗನನ್ನು ತಮಾಷೆ ಮಾಡಲಿಕ್ಕೆ ಯಾವ ಕಾರಣವೂ ಇಲ್ಲ.

ಖರ್ಚು, ಅಂಗಡಿ

ಎಂಟ್ರಿ ಫೀ ಬರೀ ಶುರು. ಐಟಂಗೆ ಒಂದಾ, ಮಗುವಿಗೆ ಒಂದಾ ಅಂತ ಕೇಳಿಕೊಳ್ಳಿ. ಎರಡೂ ಬೇರೆ ಲೆಕ್ಕ. ಡ್ರೆಸ್, ಪ್ರಯಾಣ, ರೂಮು, ಊಟ, ಕೊರಿಯೋಗ್ರಫಿ, ವಿಡಿಯೋ, ಫೋಟೋ, ಕೆಲವು ಕಡೆ ಟ್ರೋಫಿಗೂ ಬೇರೆ ದುಡ್ಡು. ಒಂದು ಹಾಳೆಯಲ್ಲಿ ಪೂರ್ತಿ ಬರೆಸಿಕೊಂಡು, ಫೀ ಕಟ್ಟಿದ್ದಕ್ಕೆ ರಸೀದಿ ಕೇಳಿ. ಆ ಮೊತ್ತಕ್ಕೆ ಎಷ್ಟು ತಿಂಗಳ ಒಳ್ಳೆ ಕ್ಲಾಸ್ ಆಗ್ತಿತ್ತು ಅಂತ ಒಮ್ಮೆ ಹೋಲಿಸಿ ನೋಡಿ.

ಇಲ್ಲೇ ಪೇಟೆಯಲ್ಲಿ ಸಿಗುವ ಸಾಮಾನಿಗೆ ಹೊರಗೆ ದುಬಾರಿ ಕಿಟ್ ಕೊಳ್ಳಬೇಕಿಲ್ಲ. ಫ್ಯಾನ್ಸಿ ಸ್ಟೋರಲ್ಲಿ ಹೇರ್ ನೆಟ್, ಯು ಪಿನ್, ಸೇಫ್ಟಿ ಪಿನ್. ಮೆಡಿಕಲಲ್ಲಿ ಕ್ರೇಪ್ ಬ್ಯಾಂಡೇಜ್, ಟೇಪ್, ಓಆರ್‌ಎಸ್. ಡ್ರೆಸ್ ಹೊಲಿಯುವ ಟೈಲರ್‌ಗೆ ಒಂದೇ ಸೂಚನೆ: ಮಗು ಕೈಕಾಲು ಪೂರ್ತಿ ಚಾಚಿ ನಿಂತಾಗ ಅಳತೆ ತೆಗೆಯಿರಿ, ಎಳೆದ್ರೆ ಹಿಗ್ಗುವ ಬಟ್ಟೆ ಬಳಸಿ.

ದುಡ್ಡು ಕಟ್ಟುವ ಮುನ್ನ ಕೇಳಬೇಕಾದ್ದು

• ತೀರ್ಪುಗಾರರು ಯಾರು? ಅವರೇ ಕಲಿಸಿದ ಮಕ್ಕಳು ಸ್ಪರ್ಧೆಯಲ್ಲಿ ಇದ್ದಾರಾ?
• ಅಂಕ ಯಾವುದಕ್ಕೆ? ತಂತ್ರ, ತಾಳ, ಭಾವಕ್ಕೆ ಬೇರೆ ಬೇರೆ ಕೊಡ್ತಾರಾ? ಅಂಕಪಟ್ಟಿ ಸಿಗ್ತದಾ?
• ತೀರ್ಪುಗಾರರ ಕ್ಲಾಸ್ ಉಂಟಾ? ಅದು ಫೀಯಲ್ಲೇ ಸೇರಿದ್ದಾ?
• ನೆಲ ಯಾವುದು? ವಾರ್ಮಪ್‌ಗೆ ಜಾಗ ಉಂಟಾ?
• ಡಾಕ್ಟರೋ ಫಸ್ಟ್ ಏಡ್ ಗೊತ್ತಿದ್ದವರೋ ಇರ್ತಾರಾ?
• ಹುಡುಗಿಯರಿಗೆ, ಹುಡುಗರಿಗೆ ಬೇರೆ ಡ್ರೆಸ್ಸಿಂಗ್ ರೂಮ್ ಉಂಟಾ? ಅಲ್ಲಿ ಮೊಬೈಲ್ ನಿಷೇಧ ಉಂಟಾ?
• ಮಗುವಿನ ವಿಡಿಯೋವನ್ನು ಪೋಷಕರ ಒಪ್ಪಿಗೆ ಇಲ್ಲದೆ ಹಾಕ್ತಾರಾ?
• ಕಾರ್ಯಕ್ರಮ ರದ್ದಾದ್ರೆ ಫೀ ವಾಪಸ್ಸಾ?

ಅರ್ಧದಷ್ಟು ಪ್ರಶ್ನೆಗೆ ಉತ್ತರ ಬಾರದಿದ್ರೆ ಆ ವರ್ಷ ಬಿಟ್ಟುಬಿಡಿ. ಬರುವ ವರ್ಷ ಮತ್ತೊಂದು ಪೋಸ್ಟರ್ ಬಂದೇ ಬರ್ತದೆ.

ಬಹುಮಾನ ಬಾರದಿದ್ರೆ?

ಪಕ್ಕದ ಕೇರಳದ ಶಾಲಾ ಕಲೋತ್ಸವ 1957ರಿಂದ ನಡೀತಿದೆ. ಅದರಲ್ಲಿ ಯಕ್ಷಗಾನವೂ ಒಂದು ಐಟಂ, ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಕುಣೀತಾರೆ. 2019ರಲ್ಲಿ ಕಾಞಂಗಾಡಿನಲ್ಲೇ ನಡೆದಿತ್ತು. ಅಲ್ಲಿ ಹಿಂದೆ ‘ಕಲಾತಿಲಕ’, ‘ಕಲಾಪ್ರತಿಭಾ’ ಅಂತ ಒಬ್ಬೊಬ್ಬರಿಗೆ ಪಟ್ಟ ಕಟ್ಟುತ್ತಿದ್ರು. ಪಟ್ಟಕ್ಕಾಗಿ ಪೋಷಕರ ಜಗಳ, ಅಪೀಲು ಜಾಸ್ತಿಯಾಗಿ ಕೊನೆಗೆ ಪಟ್ಟವನ್ನೇ ಕೈಬಿಟ್ಟು ಗ್ರೇಡ್ ಪದ್ಧತಿ ತಂದ್ರು. ಮಕ್ಕಳ ಸ್ಪರ್ಧೆ ದೊಡ್ಡವರ ಸ್ಪರ್ಧೆ ಆದ್ರೆ ಏನಾಗ್ತದೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ವಾಪಸ್ ಬರುವ ದಾರಿಯಲ್ಲಿ ‘ಎಷ್ಟನೇ ಸ್ಥಾನ’ ಅಂತ ಕೇಳುವ ಮೊದಲು ‘ಇವತ್ತು ಹೊಸತಾಗಿ ಏನು ಕಲಿತೆ’ ಅಂತ ಕೇಳಿ. ಮಗು ಹೇಳಲಿಕ್ಕೆ ಶುರುಮಾಡಿ ಮನೆ ಮುಟ್ಟುವವರೆಗೆ ನಿಲ್ಲಿಸದಿದ್ರೆ ಕಟ್ಟಿದ ಫೀ ಸಾರ್ಥಕ. ಹೇಳಲಿಕ್ಕೆ ಏನೂ ಇಲ್ಲದಿದ್ರೆ, ಕೈಯಲ್ಲಿ ಟ್ರೋಫಿ ಇದ್ರೂ ಮುಂದಿನ ಸಲ ಬೇರೆ ಸ್ಪರ್ಧೆ ನೋಡಿ.