ಕಟ್ಟಿ ಕಳಚುವ ಆಸರೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬೇಸಾಯಗಾರರಿಗೆ ‘ಕಟ್ಟ’ ಎಂಬುದು ಹೊಸ ಮಾತಲ್ಲ. ಮಳೆಗಾಲ ಮುಗಿದು ಹೊಳೆಯ ಸೆಳವು ಇಳಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ, ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪುಗಳಿಂದ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಸುಗ್ಗಿ ಬೆಳೆಗೂ ತೋಟಕ್ಕೂ ಅದರ ನೀರೇ ಆಧಾರ. ಜೂನ್ ತಿಂಗಳ ಮೊದಲ ನೆರೆಗೆ ಮುನ್ನ ಅದನ್ನು ಬಿಡಿಸಬೇಕು; ಬಿಡಿಸದಿದ್ದರೆ ನೆರೆಯೇ ಒಯ್ಯುತ್ತದೆ. ಆರು ತಿಂಗಳ ಆಯುಸ್ಸಿನ ಆ ಕಟ್ಟಕ್ಕೂ ಒಂದು ಲೆಕ್ಕವಿತ್ತು: ಎತ್ತರ ಎಷ್ಟು, ತಳದ ಅಗಲ ಎಷ್ಟು, ಯಾವ ಮಣ್ಣು ನೀರಿಗೆ ಜಗ್ಗದು.

ಎಂಜಿನಿಯರುಗಳು ‘ತಾತ್ಕಾಲಿಕ ಕಾಮಗಾರಿ’ ಎನ್ನುವುದು ಇದೇ ಜಾತಿಯದು. ಸೇತುವೆಯ ಕಂಬ ನಿಲ್ಲಿಸಲು ಹೊಳೆಯ ನಡುವೆ ಕಟ್ಟುವ ಒಡ್ಡು, ಸುರಂಗದ ಮಾಡಿಗೆ ಕೊಡುವ ಉಕ್ಕಿನ ಕಮಾನು, ಆಳವಾದ ಗುಂಡಿಯ ಗೋಡೆಗಳು ಒಳಕ್ಕೆ ಬೀಳದಂತೆ ಅಡ್ಡ ಇಡುವ ತೊಲೆ, ಇವೆಲ್ಲ ಈ ಬಗೆಯವು. ಕೆಲಸ ಮುಗಿದ ಮೇಲೆ ಕೆಲವನ್ನು ಕಳಚಿ ಒಯ್ಯುತ್ತಾರೆ, ಕೆಲವು ಕಾಂಕ್ರೀಟಿನೊಳಗೆ ಹೂತುಹೋಗುತ್ತವೆ. ಉದ್ಘಾಟನೆಯ ದಿನ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕೆಲಸ ನಡೆಯುವಷ್ಟು ಕಾಲ ಗುಂಡಿಯೊಳಗಿರುವವರ ಪ್ರಾಣ ನಿಂತಿರುವುದು ಅವುಗಳ ಮೇಲೆಯೇ.

ನೆಲ ಅಗೆಯುವುದೆಂದರೆ ಮಣ್ಣು ತೆಗೆಯುವುದಷ್ಟೇ ಅಲ್ಲ. ತೆಗೆದ ಮಣ್ಣು ಅಲ್ಲಿಯವರೆಗೆ ಪಕ್ಕದ ಮಣ್ಣನ್ನು ಒತ್ತಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಆ ಒತ್ತಡವನ್ನು ಬೇರೆ ಯಾವುದಾದರೂ ಹೊರಬೇಕು. ಗುಂಡಿಯ ಆಳ ಇಮ್ಮಡಿಯಾದರೆ ಗೋಡೆಯ ಮೇಲಿನ ಒಟ್ಟು ಒತ್ತಡ ಸುಮಾರು ನಾಲ್ಮಡಿಯಾಗುತ್ತದೆ. ಹಿಂದೆ ನೀರು ನಿಂತರೆ ಅದರ ಭಾರ ಬೇರೆ. ಆದ್ದರಿಂದ ಸ್ವಲ್ಪ ಅಗೆದು ಆಸರೆ ಕೊಟ್ಟು, ಮತ್ತೆ ಸ್ವಲ್ಪ ಅಗೆಯುವುದು ಕ್ರಮ. ಆಸರೆ ತೆಗೆಯುವಾಗಲೂ ಅಷ್ಟೇ ಎಚ್ಚರ ಬೇಕು.

ಈ ಲೆಕ್ಕ ಕರಾವಳಿಯಲ್ಲಿ ಇನ್ನಷ್ಟು ಕಠಿಣ. ಇಲ್ಲಿನ ಮೇಲ್ಪದರ ಮುರಕಲ್ಲು. 1801ರಲ್ಲಿ ಕುಂದಾಪುರದ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇಂಥದೇ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರ ತನ್ನ ಗ್ರಂಥದಲ್ಲಿ ಕೊಟ್ಟ. ನೆಲದೊಳಗೆ ಕಡಿಯಲು ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಇದರಲ್ಲಿ ತೋಡಿದ ಬಾವಿಯ ಗೋಡೆ ಕಲ್ಲು ಕಟ್ಟದೆಯೂ ನೆಟ್ಟಗೆ ನಿಲ್ಲುತ್ತದೆ.

ಮೋಸ ಇರುವುದು ಕೆಳಗಿನ ಪದರದಲ್ಲಿ. ಮುರಕಲ್ಲಿನ ಅಡಿಯಲ್ಲಿ ಅನೇಕ ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿದೆ. ಕೆಮ್ಮಣ್ಣಿನ ಜೊತೆ ಗೋಡೆಗೆ, ತುಳಸಿಕಟ್ಟೆಗೆ ಬಳಿಯುತ್ತಿದ್ದ ಶೇಡಿ ಇದರ ಬಳಗದ್ದೇ. ಒಣಗಿದಾಗ ಗಟ್ಟಿಯಾಗಿ ನಿಂತು ನಂಬಿಕೆ ಹುಟ್ಟಿಸುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಬಾವಿ ತೋಡುವವರು ನೀರು ತೀರ ಇಳಿದಿರುವ ಏಪ್ರಿಲ್-ಮೇ ತಿಂಗಳನ್ನೇ ಆರಿಸಿಕೊಳ್ಳುತ್ತಿದ್ದರು. ನೀರಿನ ಮಟ್ಟ ಇಳಿದಾಗ ಆಳಕ್ಕೆ ಹೋಗಬಹುದು, ಗೋಡೆಯೂ ಒಣಗಿರುತ್ತದೆ ಎಂಬ ಎರಡು ಲಾಭ ಅದರಲ್ಲಿತ್ತು.

ಇದೇ ಸೀಮೆಯಲ್ಲಿ ಗಟ್ಟಿ ಬಂಡೆಯನ್ನು ಕೊರೆದ ಉದಾಹರಣೆಯೂ ಉಂಟು. ಘಟ್ಟದ ಬುಡದ ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರದಲ್ಲಿ 1989-90ರಲ್ಲಿ ತಲಾ 115 ಮೆಗಾವಾಟ್‌ನ ಎರಡು ಯಂತ್ರಗಳು ಕೆಲಸ ಆರಂಭಿಸಿದವು. 2009ರಲ್ಲಿ ಇನ್ನೆರಡು ಸೇರಿದವು. ಇಂಥ ಗುಹೆಗಳಲ್ಲಿ ಬಂಡೆಗೆ ಉಕ್ಕಿನ ಸರಳು ಹೊಡೆದು, ಕಾಂಕ್ರೀಟು ಸಿಂಪಡಿಸಿ, ಬಂಡೆಯೇ ತನ್ನನ್ನು ತಾನು ಹೊರುವಂತೆ ಮಾಡುವುದು ವಾಡಿಕೆ. ಕೆಳನಾಡಿನ ಮೆತ್ತನೆಯ ಮಣ್ಣಿಗೆ ಆ ವಿದ್ಯೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಈ ವ್ಯತ್ಯಾಸವನ್ನು ಕೊಂಕಣ ರೈಲ್ವೆ ಬೆಲೆ ತೆತ್ತು ಕಲಿಯಿತು. 1990ರಲ್ಲಿ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ನಿಗಮ ಹುಟ್ಟಿತು. 1993ರ ಮಾರ್ಚ್‌ನಲ್ಲಿ ಮಂಗಳೂರು-ಉಡುಪಿ ನಡುವೆ ರೈಲು ಓಡಿತು. ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರುಗಳನ್ನು ಹಾದು ರೋಹಾ ತಲುಪುವ ಸುಮಾರು 760 ಕಿ.ಮೀ. ಹಾದಿ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. 90ಕ್ಕೂ ಹೆಚ್ಚು ಸುರಂಗಗಳಲ್ಲಿ ಗಟ್ಟಿ ಬಂಡೆಯವನ್ನು ಯಂತ್ರಗಳು ಕೊರೆದವು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೆತ್ತನೆಯ ಮಣ್ಣಿನ ಒಂಬತ್ತು ಸುರಂಗಗಳು. ನೀರು ತುಂಬಿದ ಜೇಡಿಯಲ್ಲಿ ಅಗೆದಷ್ಟು ಭಾಗ ಕುಸಿದು, ಅದೇ ಕೆಲಸವನ್ನು ಕೈಯಿಂದ ಮತ್ತೆ ಮತ್ತೆ ಮಾಡಬೇಕಾಯಿತು. ಈ ಒಂಬತ್ತರಲ್ಲೇ 19 ಜನ ಪ್ರಾಣ ಕಳೆದುಕೊಂಡರು. ಕುಖ್ಯಾತವಾದ ಗೋವಾದ ಪೆರ್ನೆಮ್ ಸುರಂಗದ ಗೋಡೆಯ ಒಂದು ಭಾಗ 2020ರ ಆಗಸ್ಟ್‌ನಲ್ಲಿ ಕುಸಿಯಿತು. 2024ರ ಜುಲೈಯಲ್ಲಿ ಅಲ್ಲಿ ಕೆಸರು ಉಕ್ಕಿ ರೈಲು ನಿಂತಿತು. ಕಟ್ಟುವಾಗ ಕಾಡಿದ ಮಣ್ಣು ಕಟ್ಟಿದ ಮೇಲೂ ತನ್ನ ಸ್ವಭಾವ ಬಿಡಲಿಲ್ಲ.

ಆಸರೆ ಸೋತರೆ ಆಗುವುದೇನೆಂಬುದಕ್ಕೆ ಜಗತ್ತು ಹೆಚ್ಚಾಗಿ ಹೇಳುವ ಉದಾಹರಣೆ ಸಿಂಗಪುರದ್ದು. 2004ರ ಏಪ್ರಿಲ್ 20ರಂದು ಅಲ್ಲಿನ ನಿಕಲ್ ಹೆದ್ದಾರಿಯ ಬಳಿ, ಮೆಟ್ರೋ ರೈಲಿಗಾಗಿ ಸುಮಾರು 30 ಮೀಟರ್ ಆಳಕ್ಕೆ ಅಗೆದಿದ್ದ ಗುಂಡಿ ಕುಸಿದು ನಾಲ್ವರು ಸತ್ತರು. ಗೋಡೆಗೂ ಅಡ್ಡ ತೊಲೆಗೂ ನಡುವಿನ ಜೋಡಣೆ ಬಲ ಸಾಲದ್ದಾಗಿತ್ತು, ಮಣ್ಣಿನ ಬಲವನ್ನು ಇದ್ದುದಕ್ಕಿಂತ ಹೆಚ್ಚೆಂದು ಎಣಿಸಲಾಗಿತ್ತು ಎಂದು ವಿಚಾರಣೆ ಹೇಳಿತು. ಗೋಡೆ ಬಾಗುತ್ತಿರುವುದನ್ನು ಅಳತೆಯ ಉಪಕರಣಗಳು ಮುಂಚಿತವಾಗಿಯೇ ತೋರಿಸಿದ್ದವು. ಆಮೇಲೆ ಅಲ್ಲಿ ತಾತ್ಕಾಲಿಕ ಕಾಮಗಾರಿಯ ನಿಯಮಗಳು ಬಿಗಿಯಾದವು.

ಕರಾವಳಿಗೆ ಈ ಪಾಠದ ಜೊತೆ ಇನ್ನೊಂದು ಮಾತೂ ಸೇರುತ್ತದೆ: ಇಲ್ಲಿ ‘ತಾತ್ಕಾಲಿಕ’ ಎಂದರೆ ಒಂದು ಮಳೆಗಾಲದೊಳಗಿನದು. ರಸ್ತೆಗಾಗಿ ಬೇಸಿಗೆಯಲ್ಲಿ ಗುಡ್ಡ ಸೀಳಿದಾಗ ಗೋಡೆಯಂತೆ ನಿಂತ ಮಣ್ಣನ್ನು ಹಾಗೆಯೇ ಬಿಟ್ಟರೆ, ಜೂನ್‌ನಲ್ಲಿ ಶೇಡಿ ನೀರು ಕುಡಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರಿನ ಒತ್ತಿನೆಣೆಯಲ್ಲಿ 2017ರ ಮಳೆಗಾಲದಲ್ಲಿ ಗುಡ್ಡ ಜಾರಿ ಸಂಚಾರ ಕೆಟ್ಟಿತು. 2024ರ ಜುಲೈ 16ರಂದು ಅದೇ ಹೆದ್ದಾರಿಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿದು ಹಲವರು ಸತ್ತರು. ಗುಡ್ಡದ ಮೇಲಿನ ನೀರಿಗೆ ಮೊದಲೇ ಚರಂಡಿ ತೋಡುವುದು, ಇಳಿಜಾರನ್ನು ಮೆಟ್ಟಿಲಾಗಿ ಕಡಿಯುವುದು, ಮಣ್ಣಿಗೆ ಸರಳು ಹೊಡೆದು ಹಿಡಿಯುವುದು, ಮಳೆಗೆ ಮುನ್ನ ಕೆಲಸವನ್ನು ನಿಲ್ಲಿಸಬಹುದಾದ ಹಂತಕ್ಕೆ ತರುವುದು: ಇವು ದುಬಾರಿಯಲ್ಲದ, ಆದರೆ ತಡವಾದರೆ ಪ್ರಯೋಜನವಿಲ್ಲದ ಕ್ರಮಗಳು.

ಇವುಗಳಿಗೆ ಟೆಂಡರಿನಲ್ಲಿ ಸ್ಪಷ್ಟ ಜಾಗ, ಹಣ, ಹೊಣೆಗಾರನ ಹೆಸರು ಇರಬೇಕು. ಉಳಿಯದ ವಸ್ತುವಿಗೆ ಖರ್ಚು ಯಾಕೆ ಎಂಬ ಜಿಪುಣತನಕ್ಕೆ ಬೆಲೆ ತೆರುವವರು ಗುಂಡಿಯೊಳಗಿನ ಕೂಲಿಗಳು, ಗುಡ್ಡದ ಬುಡದ ಮನೆಯವರು, ದಾರಿಹೋಕರು. ಕಟ್ಟ ಹಾಕುತ್ತಿದ್ದ ಊರವರು ಆರು ತಿಂಗಳಷ್ಟೇ ಬಾಳುವ ಒಡ್ಡನ್ನು ಎಂದೂ ಅಸಡ್ಡೆಯಿಂದ ಕಟ್ಟಲಿಲ್ಲ. ಅದು ಒಡೆದರೆ ಒಣಗುವುದು ತಮ್ಮದೇ ಗದ್ದೆ ಎಂಬುದು ಅವರಿಗೆ ಗೊತ್ತಿತ್ತು.